ಚೆನ್ನಾಗಿ ತೋರಿಸತಕ್ಕದ್ದು

ಟಿ.ಬಿ. ಡ್ಯಾಂ, ಹೊಸಪೇಟೆ
೮-೨-೧೯೮೯

ಕೊಟ್ರಬಸಮ್ಮನಿಗೆ,

ನಿನ್ನ ಪತ್ರದಿಂದ ನಾನು ತಿಳಿದುಕೊಂಡ ಸಂಗತಿಗಳು ಹೀಗಿವೆ. ತಪ್ಪಿದ್ದರೆ ತಿದ್ದಿ ಬರೆ.

೧. ಎಂಟು ವರ್ಷಗಳ ಹಿಂದೆ ನೀನು ಈ ಮನೆಯನ್ನು ಬಿಟ್ಟು, ಬಂಡ್ರಿಯ ಲಾರಿ ಚಾಲಕ ಓಬಳೇಶನನ್ನು ಮದುವೆಯಾದ ಮೇಲೆ ನಮ್ಮ ನಡುವೆ ಪತ್ರವ್ಯವಹಾರ ಇರಲಿಲ್ಲ. ಇದು ಮೊದಲನೆಯದು.

೨. ನಿನಗೆ ಆರು ವರ್ಷದ ಮಗಳಿದ್ದಾಳೆ. ಇದು ನನಗೆ ಈ ಪತ್ರದಿಂದಲೇ ತಿಳಿಯಿತು.

೩. ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ಜ್ವರ ಬಂದು ಎಡಗಾಲಿನ ಶಕ್ತಿ ಹೋಗಿದೆ. ಪೋಲಿಯೊ ಎಂದು ವೈದ್ಯರೊಬ್ಬರು ಹೇಳಿದ್ದಾರೆ. ಎಡ ಮೊಣಕಾಲಿನ ಮೇಲೆ ಕೈ ಊರಿ, ಪ್ರತಿ ಹೆಜ್ಜೆಗೂ ಅದನ್ನು ಒತ್ತಿ ಹಿಡಿದು ನಡೆಯುತ್ತಾಳೆ.

೪. ಕಾಲಿಗೆ ಕಬ್ಬಿಣದ ಪಟ್ಟಿಗಳ ಆಧಾರವನ್ನು, ಅಂದರೆ ಕ್ಯಾಲಿಪರನ್ನು, ಬೇಗ ಹಾಕಿಸದಿದ್ದರೆ ಮೊಣಕಾಲು ಹಿಂದಕ್ಕೆ ಬಾಗುತ್ತ ಹೋಗಿ, ಮುಂದೆ ನಡೆಯುವುದೇ ನಿಲ್ಲಬಹುದೆಂದು ಅದೇ ವೈದ್ಯರು ಹೇಳಿದ್ದಾರೆ.

೫. ಅಂಗವಿಕಲ ಮಕ್ಕಳಿಗೆ ಸರ್ಕಾರ ಕೊಡುವ ಕ್ಯಾಲಿಪರ್, ಮಾಸಾಶನ ಮತ್ತು ಶಾಲೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕ್ರಮವನ್ನು ನೀನು ಕೇಳಿರುವೆ.

೬. ನನ್ನಿಂದ ಹಣ ಬೇಡವೆಂದು ಎರಡು ಸಲ ಬರೆದಿರುವೆ. ಒಂದು ಸಲ ಸಾಕಿತ್ತು.

ಕ್ರಮ ಇಷ್ಟು. ಅರ್ಜಿ ಸಂಡೂರಿನ ತಾಲ್ಲೂಕು ಕಚೇರಿಯಲ್ಲಿ ದೊರೆಯುತ್ತದೆ. ಗ್ರಾಮಲೆಕ್ಕಿಗರಿಂದ ವಾಸ ಮತ್ತು ವರಮಾನದ ದೃಢೀಕರಣ, ಪಡಿತರ ಚೀಟಿಯ ಪ್ರತಿ, ವಯಸ್ಸಿನ ದಾಖಲೆ, ಕಾಲು ಕಾಣುವಂತೆ ತೆಗೆಸಿದ ಭಾವಚಿತ್ರ, ಇವುಗಳನ್ನು ಅದಕ್ಕೆ ಲಗತ್ತಿಸಬೇಕು. ಇವೆಲ್ಲ ಸುಲಭ. ಮುಖ್ಯವಾದದ್ದು ವೈದ್ಯರ ಮಂಡಳಿ ಕೊಡುವ ಪ್ರಮಾಣಪತ್ರ. ಮಂಡಳಿ ಬಳ್ಳಾರಿಯಲ್ಲಿ ಕೂಡುತ್ತದೆ. ದಿನಾಂಕವನ್ನು ವಿಚಾರಿಸಿ ತಿಳಿಸುತ್ತೇನೆ.

ಮಗುವಿನ ಹೆಸರನ್ನು ನೀನು ಬರೆದಿಲ್ಲ. ಅರ್ಜಿಯಲ್ಲಿ ಅದನ್ನು ಜನನ ನೋಂದಣಿಯಲ್ಲಿರುವಂತೆಯೇ ಬರೆಯತಕ್ಕದ್ದು.

ಎಚ್. ಎಂ. ಜಡೆಪ್ಪ
ಸಹಾಯಕ ಎಂಜಿನಿಯರ್


ಬಂಡ್ರಿ
೨೬-೨-೧೯೮೯

ಅಪ್ಪನವರಿಗೆ,

ಲಕೋಟೆಯ ಮೇಲಿನ ವಿಳಾಸ ನೋಡಿದಾಗಲೇ ಗೊತ್ತಾಯಿತು. ಪೋಸ್ಟಿನ ಎರ್ರಿಯಪ್ಪನವರು, "ಯಾರ ಅಕ್ಷರನಮ್ಮ ಇದು, ಅಚ್ಚು ಹಾಕ್ದಂಗ ಐತಿ. ಕೋರ್ಟ್ ಕಾಗದ ಏನು?" ಎಂದು ಕೇಳಿದರು. ನಮ್ಮ ಅಪ್ಪನದು ಎಂದೆ. "ನಿನಗ ಅಪ್ಪ ಅದಾನೇನು?" ಎಂದರು. ನಕ್ಕು ಲಕೋಟೆ ಇಸಿದುಕೊಂಡೆ.

ನೀವು ಬರೆದ ಸಂಗತಿಗಳಲ್ಲಿ ತಿದ್ದುವುದು ಏನೂ ಇಲ್ಲ. ಮಗಳ ಹೆಸರು ನೀಲಗಂಗಮ್ಮ, ಅವ್ವನದೇ. ಅವ್ವ ಹೋದ ಸುದ್ದಿ ನನಗೆ ತಲುಪಿದ್ದು ಕ್ರಿಯೆಗಳೆಲ್ಲ ಮುಗಿದ ಮೇಲೆ. ಆಗ ಇವಳು ಹೊಟ್ಟೆಯಲ್ಲಿದ್ದಳು. ಮನೆಯಲ್ಲಿ ನೀಲಿ ಅನ್ನುತ್ತೇವೆ.

ಕಾಗದಗಳೆಲ್ಲ ಆಗಿವೆ. ತಡವಾದದ್ದು ಫೋಟೋ ಒಂದೇ. ಸಂಡೂರಿನ ಸ್ಟುಡಿಯೊದವನು, "ಲಂಗ ಸ್ವಲ್ಪ ಮ್ಯಾಲ ಎತ್ತಮ್ಮ, ಕಾಲು ಬೀಳಬೇಕು" ಎಂದ. ನಮ್ಮ ಅತ್ತೆ ಗಾಳೆಮ್ಮ ಜಗಳಕ್ಕೇ ನಿಂತರು. "ಬಂಗಾರದಂಥ ಮುಖ ಬಿಟ್ಟು ಕಾಲು ತೆಗಿತಾನಂತ. ಯಾವ ಸೀಮಿ ಫೋಟೋದಾಂವ ಲೇ ನೀನು?" ಅವನು ನಕ್ಕು, "ಅಜ್ಜೀ, ಇದು ಸರ್ಕಾರಕ್ಕ, ಗ್ವಾಡಿಗೆ ತೂಗುಹಾಕಾಕಲ್ಲ" ಎಂದ. ಕೊನೆಗೆ ಎರಡು ತೆಗೆಸಿದೆವು. ಕಾಲಿನದು ಅರ್ಜಿಗೆ, ಮುಖದ್ದು ಅತ್ತೆಗೆ. ಮುಖದ್ದರ ಒಂದು ಪ್ರತಿ ಇದರಲ್ಲಿ ಇಟ್ಟಿದ್ದೇನೆ. ಬೇಡವಾದರೆ ಹಿಂದಕ್ಕೆ ಕಳಿಸಿ.

ಹೊಸಪೇಟೆಯಲ್ಲಿ ಅಜ್ಜ ಇದ್ದಾನೆ ಎಂದು ನೀಲಿಗೆ ಈಗ ಗೊತ್ತು. ಏನು ಮಾಡುತ್ತಾನೆ ಎಂದು ಕೇಳಿದಳು. ಕಾಲುವೆ ನೋಡಿಕೊಳ್ಳುತ್ತಾನೆ ಎಂದೆ. ಇವರು ಊಟಕ್ಕೆ ಕೂತವರು, "ನಿಮ್ಮಜ್ಜ ನಿಲ್ಲು ಅಂದ್ರ ಹೊಳಿನೂ ನಿಲ್ತೈತಿ ನೋಡು. ನಿಮ್ಮವ್ವ ಒಬ್ಬಾಕಿ ನಿಲ್ಲಲಿಲ್ಲ" ಎಂದರು. ತಪ್ಪು ತಿಳಿಯಬೇಡಿ, ಇವರ ಮಾತೇ ಹಾಗೆ. ನೀಲಿ ನಿಮಗೆ ಕಾಲುವಿ ಅಜ್ಜ ಎಂದು ಹೆಸರಿಟ್ಟಿದ್ದಾಳೆ.

ನಿಮ್ಮ
ಕೊಟ್ರಬಸಮ್ಮ


ಟಿ.ಬಿ. ಡ್ಯಾಂ, ಹೊಸಪೇಟೆ
೧೪-೩-೧೯೮೯

ಚಿ. ಕೊಟ್ರಬಸಮ್ಮನಿಗೆ,

ಹೆಸರು ತಿಳಿಯಿತು.

ಮಂಡಳಿ ಏಪ್ರಿಲ್ ಐದರಂದು, ಬುಧವಾರ, ಬಳ್ಳಾರಿಯಲ್ಲಿ ಕೂಡುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು. ಹೆಸರು ಬರೆಸಿದ ಕ್ರಮದಲ್ಲಿ ಕರೆಯುತ್ತಾರೆ. ಕುಡಿಯುವ ನೀರು, ಮಗುವಿಗೆ ಬುತ್ತಿ ಇರಲಿ. ಕಾಗದಗಳ ಮೂಲಪ್ರತಿಗಳನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು, ಕೊಟ್ಟು ಬರಬಾರದು.

ಬರುವ ಮಕ್ಕಳು ಬಹಳ. ಒಂದೊಂದು ಮಗುವಿಗೆ ದೊರೆಯುವ ವೇಳೆ ಕಡಿಮೆ. ಆದ್ದರಿಂದ ಮಗುವನ್ನು ವೈದ್ಯರ ಮುಂದೆ ಚೆನ್ನಾಗಿ ತೋರಿಸತಕ್ಕದ್ದು. ಎಲ್ಲವೂ ಅದರ ಮೇಲೆ ನಿಂತಿದೆ.

ಕಾಲುವೆಗೆ ನೀರು ನಿಲ್ಲಿಸಿ ದುರಸ್ತಿ ನಡೆಸುವ ಕಾಲ ಇದು. ಕಂಪ್ಲಿ ಕಡೆಯ ಒಂದು ತೂಬಿನ ಕೆಲಸ ನನ್ನ ಮೇಲ್ವಿಚಾರಣೆಯಲ್ಲಿದೆ. ನಾನು ಬಳ್ಳಾರಿಗೆ ಬರಲಾಗುವುದಿಲ್ಲ.

ಎಚ್. ಎಂ. ಜಡೆಪ್ಪ


ಬಂಡ್ರಿ
೯-೪-೧೯೮೯

ಅಪ್ಪನವರಿಗೆ,

ನೀವು ಹೇಳಿದಂತೆಯೇ ಮಾಡಿ ಬಂದಿದ್ದೇವೆ. ನೀವು ಇದ್ದು ನೋಡಬೇಕಿತ್ತು. ದುರಸ್ತಿ ಕೆಲಸ ಪ್ರತಿ ಏಪ್ರಿಲ್‌ನಲ್ಲೂ ಇರುತ್ತದೆ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳಿಗೆ ಅದು ಗೊತ್ತಿಲ್ಲವೇ. ಅದರ ನಡುವೆಯೂ ಒಮ್ಮೆ ನನ್ನ ಪರೀಕ್ಷೆಗೆಂದು ನೀವು ಬಳ್ಳಾರಿಗೆ ಬಂದು ಮರದ ಕೆಳಗೆ ನಿಂತಿದ್ದಿರಿ. ಇರಲಿ.

ನಿಮ್ಮ ಪತ್ರವನ್ನು ಮನೆಯಲ್ಲಿ ಓದಿ ಹೇಳಿದೆ. ಚೆನ್ನಾಗಿ ತೋರಿಸಬೇಕು ಎಂಬಲ್ಲಿಗೆ ಬಂದಾಗ ಅತ್ತೆ ಎದ್ದು ಕೂತರು. "ನೋಡಿದ್ಯಾ, ನಿಮ್ಮಪ್ಪ ತಿಳದಾಂವ. ಹೆಣ್ಣು ತೋರ್ಸಾದು ಅಂದ್ರ ಸುಮ್ನ ಅಲ್ಲ. ಕನ್ಯಾ ನೋಡಾಕ ಬಂದೋರು ಮದ್ಲ ನಡಸೇ ನೋಡ್ತಾರ. ನಡಿಗಿ ಕಲಸು ಹುಡುಗಿಗೆ" ಎಂದರು. ಅವತ್ತಿನಿಂದ ಗಣಿಯ ಕೆಲಸದಿಂದ ಬಂದೊಡನೆ ನಾನು ನೀಲಿಯನ್ನು ಪಡಸಾಲೆಯಲ್ಲಿ ನಡೆಸುತ್ತಿದ್ದೆ. ಮೊಣಕಾಲಿಗೆ ಕೈ ಹೋದರೆ ಅತ್ತೆ, "ಕೈ, ಕೈ" ಎನ್ನುವರು. ಬಿದ್ದಳು, ಅತ್ತಳು, ಮತ್ತೆ ಎದ್ದಳು. ಕಾಲನ್ನು ಸೊಂಟದಿಂದ ಒಗೆದು, ಮೊಣಕಾಲು ಬಾಗುವುದರೊಳಗೆ ಮೈಯ ಭಾರವನ್ನು ಬಲಕ್ಕೆ ತಂದುಕೊಳ್ಳುವುದನ್ನು ತಾನೇ ಕಂಡುಕೊಂಡಳು. ನಾನು ಕಲಿಸಿದ್ದಲ್ಲ.

ಬಳ್ಳಾರಿಯಲ್ಲಿ ಕೋಣೆಯ ಹೊರಗೆ ಎಷ್ಟೊಂದು ಮಕ್ಕಳು. ತಾಯಂದಿರು ಎತ್ತಿಕೊಂಡೇ ಕೂತಿದ್ದರು. ನೀಲಿಗೆ ಹೊಸ ಲಂಗ, ತಲೆತುಂಬ ದುಂಡುಮಲ್ಲಿಗೆ. ಪಕ್ಕದಲ್ಲಿದ್ದ ಒಬ್ಬಾಕೆ, "ಯಾರದರ ಮದಿವಿಗೆ ಬಂದೀರೇನ್ರಿ?" ಎಂದು ಕೇಳಿದಳು. ಪಾಪ, ಅವರಿಗೆ ಬರೆದು ತಿಳಿಸುವವರು ಯಾರೂ ಇಲ್ಲ ಎಂದುಕೊಂಡೆ.

ಹೆಸರು ಕರೆದರು. ನಾನು ಬಾಗಿಲಲ್ಲೇ ಅವಳ ಕೈ ಬಿಟ್ಟೆ. ಬಾಗಿಲಿನಿಂದ ವೈದ್ಯರ ಮೇಜಿನವರೆಗೆ, ಅಪ್ಪಾ, ಒಮ್ಮೆಯೂ ಮೊಣಕಾಲು ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೋದಳು. ಕಾಲನ್ನು ನೋಡಿದರು, ಒತ್ತಿದರು, ಮತ್ತೆ ನಡೆ ಎಂದರು; ಮತ್ತೆ ನಡೆದಳು. ವಯಸ್ಸಾದ ವೈದ್ಯರು, "ಶಾಬಾಷ್" ಎಂದು ಬೆನ್ನು ತಟ್ಟಿದರು. ಹೊರಗೆ ಬಂದ ಮೇಲೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಚಲೋ ನಡದ್ನಿಲ್ಲ? ಅಜ್ಜಗ ಬರಿ" ಎಂದಳು. ಬರೆದಿದ್ದೇನೆ.

ಪ್ರಮಾಣಪತ್ರದಲ್ಲಿ ನೂರಕ್ಕೆ ಮೂವತ್ತು ಎಂದು ಹಾಕಿದ್ದಾರೆ. ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು. ಇದರಲ್ಲಿ ಎಷ್ಟಕ್ಕೆ? ಕಡಿಮೆ ಬಂದರೆ ಒಳ್ಳೆಯದೋ, ಹೆಚ್ಚು ಬಂದರೆ ಒಳ್ಳೆಯದೋ? ಅದೊಂದನ್ನು ತಿಳಿಸಿ.

ಫೋಟೋ ಹಿಂದಕ್ಕೆ ಬರಲಿಲ್ಲ.

ನಿಮ್ಮ
ಕೊಟ್ರಬಸಮ್ಮ


ಟಿ.ಬಿ. ಡ್ಯಾಂ, ಹೊಸಪೇಟೆ
೧೫-೪-೧೯೮೯

ಚಿ. ಕೊಟ್ರಬಸಮ್ಮನಿಗೆ,

ನಲವತ್ತು ಇರಬೇಕು. ನಲವತ್ತಕ್ಕಿಂತ ಕಡಿಮೆ ಇದ್ದರೆ ಯಾವುದೂ ದೊರೆಯುವುದಿಲ್ಲ. ವೈದ್ಯರು ತಾವು ಕಂಡದ್ದನ್ನು ಬರೆದಿದ್ದಾರೆ. ಅವರಲ್ಲಿ ತಪ್ಪಿಲ್ಲ.

ಆ ನಿಯಮವನ್ನು ನಾನು ಮೊದಲೇ ಬರೆಯಲಿಲ್ಲ. ಕಾಲನ್ನು ನೋಡಿದವರಿಗೆ ಸಂಶಯವೇ ಬಾರದು ಎಂದುಕೊಂಡಿದ್ದೆ. ಕಾಲನ್ನು ನಾನು ನೋಡಿರಲಿಲ್ಲ.

ಚೆನ್ನಾಗಿ ತೋರಿಸುವುದು ಎಂದರೆ, ಮಗುವಿಗೆ ಇರುವ ಕಷ್ಟವನ್ನು ಪೂರ್ತಿಯಾಗಿ ಅವರ ಕಣ್ಣಿಗೆ ಬೀಳಿಸುವುದು ಎಂಬ ಅರ್ಥದಲ್ಲಿ ಬರೆದೆ. ಇಪ್ಪತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಒಂದು ತೂಬಿನ ಆದೇಶದಲ್ಲಿಯೂ ನೀರನ್ನು ಚೆನ್ನಾಗಿ ಬಿಡತಕ್ಕದ್ದು ಎಂದು ನಾನು ಬರೆದವನಲ್ಲ. ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂದು ಬರೆಯುತ್ತೇನೆ. ನಿನಗೆ ಹಾಗೆ ಬರೆಯಲಿಲ್ಲ.

ಮರುಪರೀಕ್ಷೆಗೆ ಅರ್ಜಿ ಹಾಕಬಹುದು. ನಮೂನೆಯನ್ನು ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ಸಹಿ ಮಾತ್ರ ನಿನ್ನದು. ಈ ಸಲ ಮಗು ಮೊಣಕಾಲಿನ ಮೇಲೆ ಕೈ ಊರಿಯೇ ನಡೆಯಬೇಕು. ಅಭ್ಯಾಸ ಮಾಡಿಸಿದ್ದನ್ನು ಬಿಡಿಸು. ನಡೆಯುವಾಗ ಬಿದ್ದರೆ ಅವರು ನೋಡುವವರೆಗೆ ಎತ್ತಬೇಡ.

ಎಚ್. ಎಂ. ಜಡೆಪ್ಪ


ಬಂಡ್ರಿ
೨-೬-೧೯೮೯

ಅಪ್ಪನವರಿಗೆ,

ಉತ್ತರ ತಡವಾಯಿತು. ನಮೂನೆಗೆ ಸಹಿ ಮಾಡಿ ಅವತ್ತೇ ಕಳಿಸಿದೆ. ಆದರೆ ನಿಮ್ಮ ಪತ್ರದ ಉಳಿದ ಭಾಗವನ್ನು ಮನೆಯಲ್ಲಿ ಓದಿ ಹೇಳಲು ಇಷ್ಟು ದಿನ ಬೇಕಾಯಿತು.

ಅತ್ತೆಗೆ ಹೇಳಿದೆ. "ಮಗೀಗೆ ಕುಂಟು ಅಂತ ಹೇಳಿಕೊಡ್ತಾರೇನ ಯಾರರ? ಬಾಯಾಗ ತರಬ್ಯಾಡ್ರಿ. ಮ್ಯಾಲ ಅಸ್ತು ದ್ಯಾವರು ತಿರಗಾಡ್ತಿರ್ತಾವ. ಅಸ್ತು ಅಂದ್ಬಿಡ್ತಾವ" ಎಂದು ಒಳಗೆ ಹೋದರು. ಇವರು, "ನಾಕು ಹೆಜ್ಜಿ ಕುಂಟಿದ್ರ ಏನ್ ಗಂಟು ಹೊಕ್ಕೈತಿ? ನಾ ಚೆಕ್‌ಪೋಸ್ಟ್‌ನ್ಯಾಗ ದಿನಾ ಹೊಟ್ಟಿನೋವು ಅಂತ ನಾಟಕ ಮಾಡಲ್ಲೇನು?" ಎಂದು ನೀಲಿಯ ಮುಂದೆ ಕುಂಟಿ ತೋರಿಸಿದರು. ಅವಳು ನಗಲಿಲ್ಲ.

ನಾನೇ ಹೇಳಬೇಕಾಯಿತು. ಕೈ ಊರಿ ನಡಿ ಎಂದೆ.

"ಊರಬ್ಯಾಡ ಅಂದಿದ್ದಿ."

"ಈಗ ಊರು."

"ಯಾಕ?"

ಅಜ್ಜ ಹೇಳ್ಯಾನ ಎಂದುಬಿಟ್ಟೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಜ್ಜಗ ನಾ ಕುಂಟಿ ಆಗಬೇಕೇನು?"

ಅಪ್ಪಾ, ಅವಳು ನಿಮ್ಮನ್ನು ನೋಡಿಲ್ಲ. ನಿಮ್ಮ ಬಗ್ಗೆ ಅವಳಿಗೆ ಗೊತ್ತಿರುವುದು ಎರಡೇ. ನೀವು ನಿಲ್ಲು ಎಂದರೆ ನೀರು ನಿಲ್ಲುತ್ತದೆ. ನೀವು ಅವಳಿಗೆ ಚೆನ್ನಾಗಿ ನಡೆಯಬೇಡ ಎಂದಿದ್ದೀರಿ. ಇದಕ್ಕೆ ಉತ್ತರ ನೀವೇ ಬರೆಯಿರಿ. ನನಗೆ ಬರುವುದಿಲ್ಲ.

ಕೊಟ್ರಬಸಮ್ಮ


ಟಿ.ಬಿ. ಡ್ಯಾಂ, ಹೊಸಪೇಟೆ
೧೦-೬-೧೯೮೯

ಚಿ. ಕೊಟ್ರಬಸಮ್ಮನಿಗೆ,

ಇದನ್ನು ಮಗುವಿಗೆ ಓದಿ ಹೇಳು. ನೀನು ಕುಂಟಿಯಾಗುವುದು ಅಜ್ಜನಿಗೆ ಬೇಕಾಗಿಲ್ಲ. ಅಜ್ಜ ಬರೆದದ್ದು ತಪ್ಪು. ನಿನಗೆ ಹೇಗೆ ಸರಿಯೋ ಹಾಗೆ ನಡೆ. ದಣಿದರೆ ಕೈ ಊರು. ಕೈ ಊರಿ ನಡೆದರೂ ಅದು ನಡಿಗೆಯೇ.

ಇನ್ನು ನಿನಗೆ. ಮರುಪರೀಕ್ಷೆಯನ್ನು ಬಿಡು. ಕ್ಯಾಲಿಪರನ್ನು ನಾನು ಮಾಡಿಸುತ್ತೇನೆ. ಹಣ ಬೇಡವೆಂದು ನೀನು ಬರೆದಿದ್ದೆ. ಇದು ಹಣವಲ್ಲ, ಕಬ್ಬಿಣ ಮತ್ತು ಚರ್ಮ. ಓಬಳೇಶ ಒಪ್ಪದಿದ್ದರೆ ಅವನೊಡನೆ ಮಾತನಾಡುವ ಹೊಣೆ ನನ್ನದು.

ಅಳತೆ ಬೇಕು. ಮಗುವನ್ನು ಮಲಗಿಸಿ, ತೊಡೆಯ ಸಂದಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ ದಾರ ಹಿಡಿದು, ಗಂಟು ಹಾಕು. ತೊಡೆಯ ಸುತ್ತಳತೆಗೆ ಇನ್ನೊಂದು ದಾರ. ಅಂಕಿಗಳನ್ನು ಬರೆಯುವುದು ಬೇಡ. ದಾರಗಳನ್ನೇ ಲಕೋಟೆಯಲ್ಲಿ ಇಟ್ಟು ಕಳಿಸು.

ಜಡೆಪ್ಪ


ಟಿ.ಬಿ. ಡ್ಯಾಂ, ಹೊಸಪೇಟೆ
೧೧-೭-೧೯೮೯

ಚಿ. ಕೊಟ್ರಬಸಮ್ಮನಿಗೆ,

ಜೂನ್ ಹತ್ತರ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ದಾರಗಳು ಅಂಚೆಯಲ್ಲಿ ತಪ್ಪಿರಬಹುದು. ಇನ್ನೊಮ್ಮೆ ಅಳೆದು ಕಳಿಸು. ಕೆಲಸಗಾರನನ್ನು ಗೊತ್ತುಮಾಡಿದ್ದೇನೆ. ಚರ್ಮ ಮೃದುವಾಗಿರಬೇಕೆಂದು ಹೇಳಿದ್ದೇನೆ.

ಕಾಲುವೆಗೆ ನೀರು ಬಿಟ್ಟಾಗಿದೆ.

ಜಡೆಪ್ಪ


ಬಂಡ್ರಿ
೬-೮-೧೯೮೯

ಅಪ್ಪನವರಿಗೆ,

ನಿಮ್ಮ ಎರಡೂ ಪತ್ರ ತಲುಪಿವೆ. ಮೊದಲನೆಯದು ಬಂದ ದಿನ ನಡೆದದ್ದನ್ನು ಎರ್ರಿಯಪ್ಪನವರ ಬಾಯಿಂದ ಕೇಳಿದಂತೆ ಬರೆಯುತ್ತೇನೆ. ನಾನು ಗಣಿಯಲ್ಲಿದ್ದೆ.

ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಮನೆಯ ಮುಂದಿನ ಅದಿರು ಲಾರಿಗಳ ದಾರಿಯಲ್ಲಿ ಗಾಲಿಯ ಗುಂಡಿಗಳು ಬಿದ್ದಿದ್ದವು. ಎರ್ರಿಯಪ್ಪನವರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ನೀಲಿ ಕಟ್ಟೆಯ ಮೇಲಿಂದ, "ಅಜ್ಜಂದು ಬಂದೈತೇನು?" ಎಂದು ಕೂಗಿದಳಂತೆ. "ಬಂದೈತವ್ವ, ಅಲ್ಲೇ ನಿಂದ್ರು, ನಾ ಬರ್ತೀನಿ" ಎಂದರಂತೆ. ಅವಳು, "ನೀ ನಿಂದ್ರು. ನಾ ಬರ್ತೀನಿ. ಕೈ ಹಚ್ಚದಂಗ ಬಂದ್ಲು ಅಂತ ಅಜ್ಜಗ ಹೋಗಿ ಹೇಳು" ಎಂದಳಂತೆ. ನಿಮ್ಮ ಪತ್ರ ತರುವವರು ನಿಮ್ಮ ಮನೆಯಿಂದಲೇ ಬರುತ್ತಾರೆ ಎಂದು ತಿಳಿದಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದಾರಿಗೆ ಇಳಿದಳು. ಕೈ ಕಟ್ಟಿದ್ದರಿಂದ ಬೀಳುವಾಗ ಊರಲಿಕ್ಕೂ ಆಗಲಿಲ್ಲ.

ತೊಡೆಯ ಎಲುಬು ಮುರಿಯಿತು. ಸೊರಗಿದ ಕಾಲಿನಲ್ಲಿ ಎಲುಬು ತೆಳ್ಳಗಿರುತ್ತದಂತೆ. ಇವರು ಅದಿರು ಸುರಿದು ಖಾಲಿ ಲಾರಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. "ಅಜ್ಜಗ ಬರೀಬ್ಯಾಡ" ಎಂದು ಮಾತ್ರ ಹೇಳುತ್ತಿದ್ದಳು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಅತ್ತೆ ಅವತ್ತಿನಿಂದ ಯಾರೊಂದಿಗೂ ಮಾತಾಡುತ್ತಿಲ್ಲ. ಅಸ್ತು ಎಂಬ ಮಾತನ್ನು ತಾವೇ ಬಾಯಲ್ಲಿ ತಂದೆವೆಂದು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮರುಪರೀಕ್ಷೆಯ ದಿನ ಬಂತು. ಎತ್ತಿಕೊಂಡು ಹೋದೆ. ಎಲ್ಲ ತಾಯಂದಿರಂತೆ ಎತ್ತಿಕೊಂಡೇ ಕೂತೆ. ಅದೇ ವಯಸ್ಸಾದ ವೈದ್ಯರು ಇದ್ದರು. ಗುರುತು ಹಿಡಿದು, "ಇದೇನಮ್ಮ" ಎಂದು ಕನ್ನಡಕ ತೆಗೆದರು. ನೀಲಿ ಅವರ ಮುಖ ನೋಡಲಿಲ್ಲ. ನಡೆ ಎಂದು ಯಾರೂ ಹೇಳಲಿಲ್ಲ.

ಐವತ್ತೈದು ಬಂದಿದೆ. ಪಾಸಾದಳು. ಮಾಸಾಶನ ಬರುತ್ತದೆ, ವಿದ್ಯಾರ್ಥಿವೇತನ ಬರುತ್ತದೆ, ಕ್ಯಾಲಿಪರೂ ಕೊಡುತ್ತಾರೆ. ನೀವು ಬರೆದ ಕ್ರಮದಲ್ಲಿ ಯಾವುದೂ ತಪ್ಪಿಲ್ಲ.

ದಾರ ಕಳಿಸುತ್ತಿಲ್ಲ. ಎಡಗಾಲು ಈಗ ಗಿಡ್ಡವಾಗಿದೆ, ಅಳತೆ ಬೇರೆ. ನೆಲದ ಮೇಲೆ ನಿಲ್ಲಿಸಿದರೆ ನನ್ನ ಕೊರಳು ಬಿಡುವುದಿಲ್ಲ. ನಾವು ಕೆಲಸಕ್ಕೆ ಹೋದಾಗ ಮೂಲೆಯಲ್ಲಿ ಕೂತಿರುತ್ತಾಳೆ. ಅವಳ ಪ್ರಶ್ನೆಗೆ ನೀವು ಬರೆದ ಉತ್ತರವನ್ನು ಓದಿದೆ. ಅವಳಿಗೆ ಓದಿ ಹೇಳಿಲ್ಲ. ಎರ್ರಿಯಪ್ಪನವರ ಸೈಕಲ್ಲಿನ ಸದ್ದು ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ.

ಕೇಳಿದ್ದೆಲ್ಲ ಸಿಕ್ಕಿತು. ಇನ್ನು ಬರೆಯಬೇಡಿ.

ಕೊಟ್ರಬಸಮ್ಮ


ಟಿ.ಬಿ. ಡ್ಯಾಂ, ಹೊಸಪೇಟೆ
೧೦-೮-೧೯೮೯

ಚಿ. ಸೌ. ಕೊಟ್ರಬಸಮ್ಮನಿಗೆ,

ಪತ್ರ ತಲುಪಿತು.

ಇನ್ನು ಬರೆಯಬೇಡಿ ಎಂದಿರುವೆ. ಇದರ ನಂತರ ಬರೆಯುವುದಿಲ್ಲ. ಬರಬೇಡಿ ಎಂದು ನೀನು ಬರೆದಿಲ್ಲ. ಪತ್ರವನ್ನು ಮತ್ತೆ ಮತ್ತೆ ಓದಿ ಇದನ್ನು ಖಚಿತಪಡಿಸಿಕೊಂಡಿದ್ದೇನೆ.

ಸೇವೆಯಲ್ಲಿ ಉಳಿದಿರುವ ರಜೆಯೆಲ್ಲವನ್ನೂ ಕೇಳಿ ಪಡೆದಿದ್ದೇನೆ. ಸಂಡೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಗೊತ್ತಾಗಿದೆ. ನೀವಿಬ್ಬರೂ ಕೆಲಸಕ್ಕೆ ಹೋಗುವ ಹೊತ್ತಿಗೆ ದಿನವೂ ಬಂದು, ನೀವು ಮರಳುವವರೆಗೆ ಮಗುವಿನ ಬಳಿ ಇರುತ್ತೇನೆ. ಅಳಿಯಂದಿರಿಗೆ ತಿಳಿಸು. ಅವರ ಮನೆ, ಹೊಸ್ತಿಲು ದಾಟುವ ಮೊದಲು ಅವರ ಒಪ್ಪಿಗೆ ಕೇಳುತ್ತೇನೆ. ನಿನ್ನ ಅತ್ತೆಯವರಿಗೆ ಹೇಳು, ಕುಂಟುವ ಮಾತನ್ನು ಮೊದಲು ಬರೆದು ಕಳಿಸಿದವನು ನಾನು. ಅವರು ಅದು ಬೇಡವೆಂದವರು.

ಮಗು ಬಿದ್ದದ್ದು ನನಗೆ ತಿಳಿದಿದೆ ಎಂದು ಅವಳಿಗೆ ಹೇಳಬೇಡ. ಬರೆಯಬೇಡವೆಂದು ಅವಳು ನಿನಗೆ ಹೇಳಿದ್ದಾಳೆ. ನೀನು ಬರೆದಿಲ್ಲ ಎಂದೇ ಅವಳು ತಿಳಿದಿರಲಿ. ಗೊತ್ತಿಲ್ಲದವನಂತೆ ಬರುತ್ತೇನೆ. ಅವಳಾಗಿ ಹೇಳುವವರೆಗೆ ಕೇಳುವುದಿಲ್ಲ. ಹೇಳದಿದ್ದರೂ ಆಗಬಹುದು.

ಸೋಮವಾರ ಬೆಳಗಿನ ಬಸ್ಸಿಗೆ ಬಂಡ್ರಿಗೆ ಬರುವುದೆಂದು ತೀರ್ಮಾನಿಸಿದ್ದೇನೆ.

ನಿನ್ನ ಅಪ್ಪ